ಸಾಲ ಬೇಗ ತೀರಲಿ, ಆದರೆ ಯಾರ ಪಾಲಿನ ಹಣದಿಂದ?

ಶೈಕ್ಷಣಿಕ ಸಾಲದ ಚರ್ಚೆ ಮುಸ್ಲಿಮ್ ಸಮುದಾಯಕ್ಕೆ ಹೊಸತಲ್ಲ. ಸಾಲ ಮಾಡಿ ಮಕ್ಕಳನ್ನು ಓದಿಸಬೇಕೇ, ಬೇಡವೇ? ಬಡ್ಡಿಯ ಸಾಲ ಧರ್ಮಸಮ್ಮತವೇ, ಅಲ್ಲವೇ? ಸಭೆ-ಸಮ್ಮೇಳನಗಳಲ್ಲಿ, ಮಸೀದಿಯ ಅಂಗಳದಲ್ಲಿ, ಪತ್ರಿಕೆಗಳ ಪುಟಗಳಲ್ಲಿ ಈ ಪ್ರಶ್ನೆಗಳು ವರ್ಷಗಟ್ಟಲೆ ಸುತ್ತಾಡಿವೆ. ನಾವು ಹೀಗೆ ಚರ್ಚಿಸುತ್ತಿರುವಾಗಲೇ ಒಂದು ತಲೆಮಾರು ಸದ್ದಿಲ್ಲದೆ ಬ್ಯಾಂಕಿನ ಬಾಗಿಲು ತಟ್ಟಿತು, ಸಾಲ ಪಡೆಯಿತು, ಓದು ಮುಗಿಸಿತು, ಉದ್ಯೋಗಕ್ಕೂ ಸೇರಿತು. ಈಗ ಆ ತಲೆಮಾರಿನ ಮುಂದಿರುವುದು ಬೇರೆಯೇ ಪ್ರಶ್ನೆ. ಕೈಗೆ ಸಂಬಳ ಬರುತ್ತಿದೆ. ಸಾಲದ ಅವಧಿ ಇನ್ನೂ ಹತ್ತು ವರ್ಷ ಇದೆ. ಕಂತು ಕಂತಾಗಿ ಕಟ್ಟುತ್ತಾ ಹೋಗುವುದೇ? ಅಥವಾ ಹೊಟ್ಟೆ ಬಟ್ಟೆ ಕಟ್ಟಿ, ಇದ್ದುದನ್ನೆಲ್ಲ ಒಟ್ಟುಗೂಡಿಸಿ ಅವಧಿಗೆ ಮೊದಲೇ ಮುಗಿಸಿಬಿಡುವುದೇ?

ನಗರದ ಅನುಕೂಲಸ್ಥರಿಗೆ ಇದು ಲೆಕ್ಕಪತ್ರದ ವಿಷಯ. ಬಿಳಿಚೋಡಿನಂಥ ಊರಿನಿಂದ ಬಂದವರಿಗೆ ಹಾಗಲ್ಲ. ದಾವಣಗೆರೆಯಿಂದ ಜಗಳೂರಿಗೆ ಹೋಗುವ ದಾರಿಯಲ್ಲಿ ಸಿಗುವ ಈ ಹೋಬಳಿ ಕೇಂದ್ರ, ಮಳೆಯನ್ನೇ ನಂಬಿದ ಸೀಮೆಗೆ ಸೇರಿದ್ದು. ಮಳೆ ಬಂದರೆ ಮೆಕ್ಕೆಜೋಳ, ಶೇಂಗಾ. ಕೈಕೊಟ್ಟರೆ 2023ರಲ್ಲಿ ಕಂಡಂತೆ ಬರ. ರೈತನ ಕೈಯಲ್ಲಿ ದುಡ್ಡಿಲ್ಲದಿದ್ದರೆ ಅಲ್ಲಿನ ಗ್ಯಾರೇಜಿಗೂ ಕೆಲಸವಿಲ್ಲ, ಬಟ್ಟೆ ಹೊಲಿಯುವವನಿಗೂ ಇಲ್ಲ, ಮಾಂಸದಂಗಡಿಗೂ ಗಿರಾಕಿಯಿಲ್ಲ. ಅಂಥ ಊರಿನಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳೋಣ. ತಂದೆಗೆ ರಸ್ತೆ ಬದಿಯಲ್ಲಿ ಪಂಕ್ಚರ್ ಹಾಕುವ, ಟಯರ್ ಮಾರುವ ಸಣ್ಣ ಅಂಗಡಿ. ಮಗ ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದಿದ. ಬ್ಯಾಂಕಿನಿಂದ 4 ಲಕ್ಷ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಯೋಜನೆಯಿಂದ ಒಂದಿಷ್ಟು. ಈಗ ಬೆಂಗಳೂರಿನಲ್ಲಿ ತಿಂಗಳಿಗೆ 30 ಸಾವಿರದ ಕೆಲಸ. ಮನೆಯಲ್ಲಿ ಪಿಯುಸಿ ಎರಡನೇ ವರ್ಷದ ತಂಗಿ. ತಾಯಿಯ ಕೊರಳಲ್ಲಿ ಮದುವೆಯ ಕಾಲದ ಐದಾರು ತೊಲ ಬಂಗಾರ. ಇಂಥ ಮನೆಗಳು ಬಿಳಿಚೋಡಿನಲ್ಲಿ ಮಾತ್ರವಲ್ಲ, ಚನ್ನಗಿರಿಯಲ್ಲಿವೆ, ಹೊನ್ನಾಳಿಯಲ್ಲಿವೆ, ರಾಜ್ಯದ ಪ್ರತಿಯೊಂದು ಪಟ್ಟಣದ ಮುಸ್ಲಿಮ್ ಮೊಹಲ್ಲಾದಲ್ಲಿಯೂ ಇವೆ.

ಆ ಮನೆಗೆ ಉಪದೇಶಕರ ಕೊರತೆ ಇರುವುದಿಲ್ಲ. ಬಡ್ಡಿ ಪಾಪ, ಒಡವೆ ಮಾರಿಯಾದರೂ ನಾಳೆಯೇ ತೀರಿಸಿ ಎನ್ನುವವರು ಒಂದು ಕಡೆ. ಬ್ಯಾಂಕಿನವರೇ ಸುಮ್ಮನಿರುವಾಗ ನಿಮಗೇಕೆ ಅವಸರ, ಮೊದಲು ಮನೆ ಕಟ್ಟಿಸಿ, ಮಗನ ಮದುವೆ ಮಾಡಿ ಎನ್ನುವವರು ಇನ್ನೊಂದು ಕಡೆ. ಈ ಎರಡೂ ಮಾತುಗಳಲ್ಲಿ ಆ ಮನೆಯ ತಂಗಿ ಎಲ್ಲಿಯೂ ಇಲ್ಲ ಎಂಬುದನ್ನು ಗಮನಿಸಬೇಕು.

ಸಾಲ ಎಂಬ ಪದ ಒಂದೇ ಆದರೂ ಆ ಮನೆಯ ಮೇಲಿರುವ ಸಾಲಗಳು ಒಂದೇ ಬಗೆಯವಲ್ಲ. ಬ್ಯಾಂಕಿನ ಸಾಲಕ್ಕೆ ಶೇ. 10ರ ಆಸುಪಾಸಿನ ಬಡ್ಡಿ. ‘ಅರಿವು’ ಸಾಲಕ್ಕೆ ಶೇ. 2ರ ಸೇವಾ ಶುಲ್ಕ ಮಾತ್ರ. ಇವೆರಡರ ಹಿಂದೆ ಯಾರೂ ಬಾಯಿಬಿಟ್ಟು ಹೇಳದ ಮೂರನೆಯ ಸಾಲವೊಂದಿರುತ್ತದೆ. ಕಾಲೇಜಿನ ಡೊನೇಶನ್ನಿಗೆ, ಹಾಸ್ಟೆಲ್ಲಿಗೆ, ಲ್ಯಾಪ್‌ಟಾಪಿಗೆಂದು ತಂದೆ ಕೈಗಡವಾಗಿ ತಂದದ್ದು, ಇಲ್ಲವೇ ತಾಯಿ ಮಹಿಳಾ ಗುಂಪಿನ ಹೆಸರಿನಲ್ಲಿ ಮೈಕ್ರೋ ಫೈನಾನ್ಸಿನಿಂದ ಎತ್ತಿದ್ದು. ನೂರಕ್ಕೆ ತಿಂಗಳಿಗೆ 3 ರೂಪಾಯಿ ಎಂದರೆ ಕೇಳಲು ಸಣ್ಣದು; ವರ್ಷಕ್ಕೆ ಅದು ಶೇ. 36. ವಾರದ ಕಂತಿಗೆ ಮನೆ ಬಾಗಿಲಿಗೆ ಬಂದು ಕೂರುವವರ ಕಾಟ ಎಲ್ಲಿಗೆ ಮುಟ್ಟಿತೆಂದರೆ, 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಇಂಥ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಮಗ ತನ್ನ ಮೊದಲ ಉಳಿತಾಯವನ್ನು ಬ್ಯಾಂಕಿಗೆ ಕಟ್ಟಿ ಬೆನ್ನು ತಟ್ಟಿಸಿಕೊಳ್ಳುವಾಗ, ತಾಯಿ ವಾರವಾರ ಆ ಏಜೆಂಟನ ಮುಂದೆ ತಲೆ ತಗ್ಗಿಸಿ ನಿಂತಿರುತ್ತಾಳೆ ಎಂದಾದರೆ ಆ ಮರುಪಾವತಿಯಲ್ಲಿ ಏನೋ ಎಡವಟ್ಟಾಗಿದೆ. ಮೊದಲು ತೀರಬೇಕಾದದ್ದು ಈ ಮೂರನೆಯ ಸಾಲ. ಅದರಲ್ಲಿ ಎರಡು ಮಾತಿಲ್ಲ.

ಈಗ ಬ್ಯಾಂಕಿನ ಸಾಲಕ್ಕೆ ಬರೋಣ. ಇಲ್ಲಿ ಸ್ವಲ್ಪ ಲೆಕ್ಕ ಅನಿವಾರ್ಯ. ಲೆಕ್ಕ ಹಾಕದೆ ಸಹಿ ಹಾಕುವುದೇ ನಮ್ಮ ಬಹುತೇಕ ಕುಟುಂಬಗಳ ಕಷ್ಟಕ್ಕೆ ಮೂಲ. ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷಗಳಲ್ಲಿ 4 ಲಕ್ಷ ಪಡೆದಿದ್ದಾರೆ, ಬಡ್ಡಿ ಶೇ. 10 ಎಂದಿಟ್ಟುಕೊಳ್ಳಿ. ಓದಿನ ಅವಧಿ ಮತ್ತು ಆನಂತರದ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಆದರೆ ಬಡ್ಡಿ ಸುಮ್ಮನೆ ಮಲಗಿರುವುದಿಲ್ಲ. ಸರಳ ಬಡ್ಡಿಯ ಲೆಕ್ಕದಲ್ಲಿಯೇ ಈ ಐದು ವರ್ಷಗಳಲ್ಲಿ 1.40 ಲಕ್ಷ ಸೇರಿಕೊಂಡು, ಕಂತು ಆರಂಭವಾಗುವ ದಿನ ಸಾಲ 5.40 ಲಕ್ಷವಾಗಿ ನಿಂತಿರುತ್ತದೆ. ಅದನ್ನು 10 ವರ್ಷಗಳಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು 7,136 ರೂಪಾಯಿ. ಕೊನೆಗೆ ಕಟ್ಟಿದ ಒಟ್ಟು ಮೊತ್ತ ಸುಮಾರು 8.56 ಲಕ್ಷ. ಅದನ್ನೇ 5 ವರ್ಷಗಳಲ್ಲಿ ಮುಗಿಸಿದರೆ ತಿಂಗಳಿಗೆ ಸುಮಾರು 11,473 ರೂಪಾಯಿ, ಒಟ್ಟು 6.88 ಲಕ್ಷ. ವ್ಯತ್ಯಾಸ 1.68 ಲಕ್ಷ ರೂಪಾಯಿ. 15 ವರ್ಷಗಳಿಗೆ ಎಳೆದರೋ, 4 ಲಕ್ಷದ ಓದಿಗೆ 10.44 ಲಕ್ಷ ತೆತ್ತಂತಾಗುತ್ತದೆ. ಕಂತು ಚಿಕ್ಕದಾಯಿತೆಂದು ಸಂತೋಷಪಡುವವರು ಈ ಕೊನೆಯ ಸಂಖ್ಯೆಯನ್ನು ಒಮ್ಮೆ ನೋಡಬೇಕು.

ಪೂರ್ತಿ ಮೊತ್ತವನ್ನು ಒಮ್ಮೆಲೇ ಕಟ್ಟಬೇಕೆಂದೇನೂ ಇಲ್ಲ. 10 ವರ್ಷಗಳ ಅವಧಿಯ ಇದೇ ಸಾಲಕ್ಕೆ ಮೊದಲ ವರ್ಷದ ಕೊನೆಯಲ್ಲಿ 1 ಲಕ್ಷ ರೂಪಾಯಿಯನ್ನು ಹೆಚ್ಚುವರಿಯಾಗಿ ಕಟ್ಟಿ, ಕಂತನ್ನು ಹಾಗೆಯೇ ಮುಂದುವರಿಸಿದರೆ ಸಾಲ ಸುಮಾರು 30 ತಿಂಗಳು ಮೊದಲೇ ಮುಗಿಯುತ್ತದೆ. ಕಟ್ಟಿದ್ದು 1 ಲಕ್ಷ, ತಪ್ಪಿದ ಕಂತುಗಳ ಮೊತ್ತ 2.16 ಲಕ್ಷ. ಆರಂಭದ ವರ್ಷಗಳಲ್ಲಿ ಕಟ್ಟುವ ಕಂತಿನ ಹೆಚ್ಚಿನ ಭಾಗ ಬಡ್ಡಿಗೇ ಹೋಗುತ್ತದೆ. ಆದುದರಿಂದ ಮುಂಗಡ ಪಾವತಿ ಬೇಗ ಆದಷ್ಟೂ ಪ್ರಯೋಜನ ಹೆಚ್ಚು. ಇಲ್ಲಿ ಒಂದು ಎಚ್ಚರಿಕೆ: ಹೆಚ್ಚುವರಿ ಹಣ ಕಟ್ಟಿದಾಗ ‘ಕಂತಿನ ಮೊತ್ತ ಕಡಿಮೆ ಮಾಡಬೇಡಿ, ಅವಧಿಯನ್ನು ಕಡಿಮೆ ಮಾಡಿ’ ಎಂದು ಶಾಖೆಗೆ ಬರವಣಿಗೆಯಲ್ಲಿ ಕೊಟ್ಟು ಮುದ್ರೆ ಹಾಕಿಸಿಕೊಳ್ಳಬೇಕು. ಇಲ್ಲದಿದ್ದರೆ ಕಂತು ತಗ್ಗಿ ಅವಧಿ ಹಾಗೆಯೇ ಉಳಿಯಬಹುದು. ಆಗ ಈ ಲಾಭದ ಹೆಚ್ಚಿನ ಪಾಲು ಕೈತಪ್ಪುತ್ತದೆ.

ಮೊದಲೇ ಕಟ್ಟಿದರೆ ದಂಡ ಹಾಕುತ್ತಾರಂತೆ ಎಂಬ ಭಯ ನಮ್ಮಲ್ಲಿ ಬಹಳ ಮಂದಿಗಿದೆ. ಅದು ಆಧಾರವಿಲ್ಲದ್ದು. ವ್ಯಕ್ತಿಗಳು ಬದಲಾಗುವ ಬಡ್ಡಿದರದಲ್ಲಿ ಪಡೆದ ಅವಧಿ ಸಾಲಗಳಿಗೆ ಮುಂಗಡ ಪಾವತಿಯ ದಂಡ ವಿಧಿಸಕೂಡದೆಂದು ರಿಸರ್ವ್ ಬ್ಯಾಂಕ್ 2014ರ ಮೇ ತಿಂಗಳಲ್ಲಿಯೇ ಬ್ಯಾಂಕುಗಳಿಗೆ ಆದೇಶಿಸಿದೆ. ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗುತ್ತದೆ, ಆದ್ದರಿಂದ ಸಾಲ ಇರಲಿ ಎಂಬ ವಾದವೂ ಹೀಗೆಯೇ. ಶೈಕ್ಷಣಿಕ ಸಾಲದ ಬಡ್ಡಿಗೆ ಆ ವಿನಾಯಿತಿ ಇರುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ, ಅದೂ ಎಂಟು ವರ್ಷಗಳಿಗೆ. ತಿಂಗಳಿಗೆ 30 ಸಾವಿರ ದುಡಿಯುವ ಹುಡುಗನಿಗೆ ತೆರಿಗೆಯೇ ಬಾರದಿರುವಾಗ ವಿನಾಯಿತಿಯ ಮಾತೆಲ್ಲಿ ಬಂತು? ಆ ಹಣವನ್ನು ಚೀಟಿಗೋ ಷೇರಿಗೋ ಹಾಕಿದರೆ ಹೆಚ್ಚು ಬರುತ್ತದೆ ಎನ್ನುವವರಿಗೆ ಇಷ್ಟೇ ಹೇಳಬಹುದು: ಅಲ್ಲಿ ಬರುವುದು ಬರಬಹುದು, ಬರದಿರಬಹುದು; ಬ್ಯಾಂಕಿಗೆ ಹೋಗುವ ಶೇ. 10 ಮಾತ್ರ ಖಂಡಿತ.

ಆದರೆ ಒಂದು ಸಂದರ್ಭದಲ್ಲಿ ಅವಸರ ನಷ್ಟಕ್ಕೆ ದಾರಿ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದು, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ವೃತ್ತಿಪರ ಶಿಕ್ಷಣ ಪಡೆಯುವವರಿಗೆ, ಓದಿನ ಅವಧಿ ಮತ್ತು ಆನಂತರದ ಒಂದು ವರ್ಷದ ಬಡ್ಡಿಯನ್ನು ತಾನೇ ಭರಿಸುವ ಯೋಜನೆಯನ್ನು ಕೇಂದ್ರ ಸರಕಾರ 2009-10ರಲ್ಲಿ ಆರಂಭಿಸಿತು. ಅದರ ನೋಡಲ್ ಬ್ಯಾಂಕ್ ನಮ್ಮದೇ ನಾಡಿನ ಕೆನರಾ ಬ್ಯಾಂಕ್. ಮೇಲಿನ ಉದಾಹರಣೆಯ 1.40 ಲಕ್ಷ ಬಡ್ಡಿ ಹೀಗೆ ಪೂರ್ತಿ ಇಲ್ಲವಾಗಬಹುದು. ಬಿಳಿಚೋಡಿನ ಪಂಕ್ಚರ್ ಅಂಗಡಿಯವನ ಆದಾಯ ಆ ಮಿತಿಯನ್ನು ದಾಟುವುದುಂಟೇ? ಆದರೂ ತಹಶೀಲ್ದಾರರ ಆದಾಯ ಪ್ರಮಾಣಪತ್ರವನ್ನು ಸಕಾಲಕ್ಕೆ ಶಾಖೆಗೆ ಕೊಡದೆ ಈ ಸೌಲಭ್ಯವನ್ನು ಕಳೆದುಕೊಂಡರೆ ಹೊಣೆ ಯಾರದು? ಸಬ್ಸಿಡಿ ಸಿಗುವವರು ಓದಿನ ಅವಧಿಯಲ್ಲಿಯೇ ಸಾಲ ಮಾಡಿ ಸಾಲಕ್ಕೆ ಕಟ್ಟುವ ಅಗತ್ಯವಿಲ್ಲ. ಅದು ಸಿಗದವರು ಮಾತ್ರ ಓದುವಾಗಲೇ ತಿಂಗಳ ಬಡ್ಡಿಯನ್ನಾದರೂ ಕಟ್ಟುತ್ತಾ ಬರುವುದು ಲೇಸು. ಹಾಗೆ ಕಟ್ಟಿದವರಿಗೆ ಅನೇಕ ಬ್ಯಾಂಕುಗಳು ಬಡ್ಡಿದರದಲ್ಲಿ ಶೇ. 1ರ ರಿಯಾಯಿತಿ ನೀಡುತ್ತವೆ.

ಇನ್ನು ಬಡ್ಡಿಯ ಪ್ರಶ್ನೆ. ಇಸ್ಲಾಮ್ ಬಡ್ಡಿಯನ್ನು ನಿಷೇಧಿಸಿದೆ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಬೇರೆ ದಾರಿಯೇ ಇಲ್ಲದ ವಿದ್ಯಾರ್ಥಿಯ ಸ್ಥಿತಿಯನ್ನು ಅನಿವಾರ್ಯತೆಯೆಂದು ಪರಿಗಣಿಸಬಹುದೇ ಎಂಬಲ್ಲಿ ವಿದ್ವಾಂಸರ ನಡುವೆ ಚರ್ಚೆಯಿದೆ. ಆ ಚರ್ಚೆಗೆ ಈ ಅಂಕಣದಲ್ಲಿ ತೀರ್ಪು ಕೊಡಲು ಹೊರಡುವುದಿಲ್ಲ. ಆದರೆ ಆ ವಿದ್ಯಾರ್ಥಿಯನ್ನು ಅನಿವಾರ್ಯತೆಗೆ ದೂಡಿದವರು ಯಾರೆಂದು ಕೇಳಲೇಬೇಕು. ರಘುರಾಮ್ ರಾಜನ್ ಅಧ್ಯಕ್ಷತೆಯ ಸಮಿತಿ 2008ರಲ್ಲಿ ಬಡ್ಡಿರಹಿತ ಬ್ಯಾಂಕಿಂಗ್‌ಗೆ ಅವಕಾಶ ನೀಡಬೇಕೆಂದು ಶಿಫಾರಸು ಮಾಡಿತ್ತು. ಅದನ್ನು ಮುಂದುವರಿಸದಿರಲು ತೀರ್ಮಾನಿಸಿರುವುದಾಗಿ ರಿಸರ್ವ್ ಬ್ಯಾಂಕ್ 2017ರಲ್ಲಿ ತಿಳಿಸಿತು. ವಿದೇಶದಲ್ಲಿ ಓದುವ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಸಾಲದ ಬಡ್ಡಿಗೆ ನೆರವಾಗುತ್ತಿದ್ದ ‘ಪಢೋ ಪರದೇಶ್’ ಯೋಜನೆ 2013-14ರಲ್ಲಿ ಆರಂಭವಾಗಿ 2022-23ರಲ್ಲಿ ನಿಂತುಹೋಯಿತು. ಅದೇ ಸಮಯದಲ್ಲಿ ಸಂಶೋಧನಾ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ ಕೂಡಾ ನಿಂತಿತು. ಇಪ್ಪತ್ತು ವರ್ಷ ಮೀರಿದವರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ದೇಶದಲ್ಲಿ ಸುಮಾರು ಶೇ. 7 ಇದ್ದರೆ ಮುಸ್ಲಿಮರಲ್ಲಿ ಶೇ. 4ಕ್ಕಿಂತಲೂ ಕಡಿಮೆ ಎಂದು 2006ರಲ್ಲಿ ಸಾಚಾರ್ ಸಮಿತಿ ಹೇಳಿದ ನಂತರದ ಕತೆಯಿದು. ಹಾಗೆಂದು ಇದು ಭಾರತದ ಸಮಸ್ಯೆ ಮಾತ್ರವೂ ಅಲ್ಲ. ಬ್ರಿಟನ್ನಿನಲ್ಲಿ ಮುಸ್ಲಿಮ್ ವಿದ್ಯಾರ್ಥಿಗಳಿಗಾಗಿ ಬಡ್ಡಿರಹಿತ ಬದಲಿ ವ್ಯವಸ್ಥೆಯ ಕುರಿತು ಸರಕಾರ 2014ರಲ್ಲಿ ಅಭಿಪ್ರಾಯ ಕೇಳಿತು, 2017ರಲ್ಲಿ ಕಾನೂನಿನಲ್ಲಿ ಅವಕಾಶವನ್ನೂ ಮಾಡಿಕೊಂಡಿತು. ಆಮೇಲೆ ಆ ಭರವಸೆ ವರ್ಷದಿಂದ ವರ್ಷಕ್ಕೆ ಮುಂದಕ್ಕೆ ಹೋಗುತ್ತಲೇ ಇತ್ತು.

ಸರಕಾರಗಳನ್ನು ದೂರಿದ ಮಾತ್ರಕ್ಕೆ ನಮ್ಮ ಹೊಣೆ ಕಳೆಯುವುದಿಲ್ಲ. ಅನಿವಾರ್ಯತೆಯ ಕಾರಣ ಕೊಟ್ಟು ಬಡ್ಡಿಯ ಬಾಗಿಲಿನೊಳಗೆ ಕಾಲಿಟ್ಟವನು, ಅನಿವಾರ್ಯತೆ ಮುಗಿದ ದಿನವೇ ಹೊರಗೆ ಬರುವ ದಾರಿ ಹುಡುಕಬೇಕು. ಸಂಬಳ ಬರತೊಡಗಿದ ಮೇಲೆಯೂ ಹತ್ತು ವರ್ಷ ಅಲ್ಲೇ ಕುಳಿತಿದ್ದರೆ ಆ ಕಾರಣಕ್ಕೆ ಬೆಲೆ ಏನು? ಈ ವಿಷಯದಲ್ಲಿ ನಮ್ಮ ಧರ್ಮ ಹೇಳುವುದೂ ಬ್ಯಾಂಕಿನ ಲೆಕ್ಕ ಹೇಳುವುದೂ ಒಂದೇ: ಬೇಗ ತೀರಿಸಿ.

ಅಷ್ಟೇ ಆಗಿದ್ದರೆ ಇಷ್ಟುದ್ದ ಬರೆಯಬೇಕಾಗಿರಲಿಲ್ಲ. ಯಾರ ಹಣದಿಂದ ಎಂಬ ಪ್ರಶ್ನೆ ಉಳಿದಿದೆ.

ಮೂರು ಬಗೆಯ ಹಣದ ಮೇಲೆ ಇಂಥ ಮನೆಗಳ ಕಣ್ಣು ಬೀಳುತ್ತದೆ. ಮೊದಲನೆಯದು ತಾಯಿಯ ಒಡವೆ. ಪತ್ನಿಯ ಮಹ್ರ್ ಮತ್ತು ಒಡವೆ ಆಕೆಯ ಸ್ವಂತ ಆಸ್ತಿ ಎಂಬುದು ನಾವು ಹೆಮ್ಮೆಯಿಂದ ಭಾಷಣಗಳಲ್ಲಿ ಹೇಳುವ ಮಾತು. ಮನೆಯೊಳಗೆ ಮಾತ್ರ ಅದು ಎಲ್ಲರ ಆಪತ್ತಿಗೂ ಒದಗಬೇಕಾದ ಖಜಾನೆ. ಆಕೆಯನ್ನು ಕೇಳಿದರೆ ಬೇಡವೆನ್ನುವುದಿಲ್ಲ ಎಂಬುದು ನಿಜ. ಬೇಡವೆನ್ನುವ ಅವಕಾಶವನ್ನು ಆಕೆಗೆ ನಾವು ಎಂದಾದರೂ ಕೊಟ್ಟಿದ್ದೇವೆಯೇ? ಒಡವೆಯನ್ನು ಒತ್ತೆಯಿಟ್ಟು ಬ್ಯಾಂಕಿನ ಶೈಕ್ಷಣಿಕ ಸಾಲ ತೀರಿಸುವುದಂತೂ ಒಂದು ಬಡ್ಡಿಯನ್ನು ಇಳಿಸಿ ಇನ್ನೊಂದು ಬಡ್ಡಿಯನ್ನು ಹೊತ್ತುಕೊಳ್ಳುವ ಕೆಲಸ. ತಾಯಿ ಮನಃಪೂರ್ವಕ ಕೊಟ್ಟರೆ ಅದು ಮಗನು ಆಕೆಗೆ ಹಿಂದಿರುಗಿಸಬೇಕಾದ ಸಾಲವೆಂದು ಬರೆದಿಡಬೇಕು. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಸಾಲವನ್ನು ಬರೆದಿಡುವ ಕುರಿತೇ ಇದೆ. ತಾಯಿ-ಮಗನ ನಡುವೆ ಬರಹವೇಕೆ ಎನ್ನುವವರು ಆ ಸೂಕ್ತವನ್ನು ಮತ್ತೊಮ್ಮೆ ಓದಲಿ.

ಎರಡನೆಯದು ಇನ್ನೂ ಬಾರದ ಹಣ, ಅರ್ಥಾತ್ ಬರಲಿರುವ ಸೊಸೆಯ ತಂದೆಯ ಹಣ. ಇದನ್ನು ಬರೆಯಲು ಸಂಕೋಚವಾಗುತ್ತದೆ, ಆದರೂ ಬರೆಯಬೇಕು. ಹುಡುಗ ಎಂಜಿನಿಯರ್ ಎಂದು ಜೋಡೆಯ ಹಣ ಏರಿಸುವುದು, ಸಾಲವಿದೆ ಎಂದು ಮತ್ತಷ್ಟು ಏರಿಸುವುದು, ಬಂದ ಹಣದಲ್ಲಿ ಬ್ಯಾಂಕಿನ ಬಾಕಿ ತೀರಿಸಿ ‘ಬಡ್ಡಿಯಿಂದ ಮುಕ್ತನಾದೆ’ ಎಂದು ಶುಕ್ರ್ ಹೇಳುವುದು! ಬಡ್ಡಿ ಒಂದು ಪಾಪವಾದರೆ, ಇನ್ನೊಬ್ಬರ ಮಗಳ ತಂದೆಯನ್ನು ಸಾಲಕ್ಕೆ ತಳ್ಳಿ ಅದರಿಂದ ಹೊರಬರುವುದು ಯಾವ ಪುಣ್ಯ? ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಕಾಯ್ದೆಯ ಭಯವಿಲ್ಲದಿದ್ದರೂ ಆ ತಂದೆ ಬಹುಶಃ ಮೈಕ್ರೋ ಫೈನಾನ್ಸಿನ ಬಾಗಿಲಲ್ಲಿ ನಿಂತು ಹಣ ತಂದಿರುತ್ತಾನೆ ಎಂಬ ಅರಿವಾದರೂ ಇರಬೇಡವೇ? ಮಗಳ ಕಾಲೇಜಿಗೆ ಸಾಲವೆಂದರೆ ‘ಬಡ್ಡಿ ಹರಾಮ್’ ಎಂದು ನೆನಪಾಗುವ ನಮಗೆ, ಮದುವೆಯ ಹಾಲಿಗೆ, ಬಿರಿಯಾನಿಗೆ, ಬಂಗಾರಕ್ಕೆ ಸಾಲ ಮಾಡುವಾಗ ಅದೇಕೆ ನೆನಪಾಗುವುದಿಲ್ಲ ಎಂಬ ಪ್ರಶ್ನೆಯನ್ನು ಪ್ರತಿಯೊಂದು ಮೊಹಲ್ಲಾ ಕೇಳಿಕೊಳ್ಳಬೇಕಾಗಿದೆ.

ಮೂರನೆಯದು ತಂಗಿಯ ಪಾಲು. ಇದು ಯಾರಿಗೂ ಕಾಣುವುದಿಲ್ಲ, ಏಕೆಂದರೆ ಆ ಹಣಕ್ಕೆ ಇನ್ನೂ ಹೆಸರು ಬಿದ್ದಿಲ್ಲ. ಮಗ ಎರಡು ವರ್ಷಗಳಲ್ಲಿ ಉಳಿಸಿದ 2 ಲಕ್ಷ ರೂಪಾಯಿ ಮೇಜಿನ ಮೇಲಿದೆ. ಬ್ಯಾಂಕಿಗೆ ಕಟ್ಟಬಹುದು, ಸಾಲದ ಭಾರ ಗಣನೀಯವಾಗಿ ಇಳಿಯುತ್ತದೆ. ಅದೇ ವರ್ಷ ತಂಗಿಗೆ ಸಿಇಟಿಯಲ್ಲಿ ಬಿ.ಫಾರ್ಮಾಗೋ ಬಿ.ಎಸ್ಸಿ ನರ್ಸಿಂಗಿಗೋ ಸೀಟು ಸಿಗುವ ರ‍್ಯಾಂಕು ಬಂದಿದೆ. ‘ಒಬ್ಬನನ್ನು ಓದಿಸಿಯೇ ಇಷ್ಟು ಸಾಲವಾಯಿತು, ಇವಳನ್ನು ಇಲ್ಲೇ ಜಗಳೂರಿನಲ್ಲಿ ಬಿ.ಎ.ಗೆ ಸೇರಿಸಿ, ಗಂಡು ಬಂದರೆ ನೋಡೋಣ’ ಎಂಬ ಮಾತು ಅಡಿಗೆ ಮನೆಯಿಂದಲೋ ಪಡಸಾಲೆಯಿಂದಲೋ ಬರುತ್ತದೆ. ಯಾರೂ ಅವಳ ಓದನ್ನು ನಿಲ್ಲಿಸಿಲ್ಲ. ಸಾಲ ತೀರಿಸುವ ಒಳ್ಳೆಯ ಕೆಲಸವನ್ನಷ್ಟೇ ಮಾಡಿದ್ದಾರೆ. ಆದರೆ ಅಣ್ಣನ ಪದವಿಯ ಬೆಲೆಯನ್ನು ತಂಗಿ ತೆತ್ತಿದ್ದಾಳೆ.

ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ. ಇಂಥ ಸಂದರ್ಭದಲ್ಲಿ ಅಣ್ಣ ತನ್ನ ಕಂತನ್ನು ತಪ್ಪದೆ ಕಟ್ಟುತ್ತಾ ಹೋಗಲಿ, ಉಳಿಸಿದ ಹಣ ತಂಗಿಯ ಶುಲ್ಕಕ್ಕೆ ಹೋಗಲಿ. ಬಡ್ಡಿಯ ಸಾಲದಲ್ಲಿ ಇನ್ನೂ ಎರಡು ವರ್ಷ ಇರಬೇಕಾಗುತ್ತದಲ್ಲ ಎಂದು ಆಕ್ಷೇಪಿಸುವವರಿಗೆ ಒಂದು ಮರುಪ್ರಶ್ನೆ: ಆ ಹಣವನ್ನು ಬ್ಯಾಂಕಿಗೆ ಕಟ್ಟಿ ಮರುದಿನ ತಂಗಿಯ ಹೆಸರಿನಲ್ಲಿ ಹೊಸ ಬಡ್ಡಿ ಸಾಲ ಎತ್ತುವುದಾದರೆ ಮನೆ ಬಡ್ಡಿಯಿಂದ ಮುಕ್ತವಾಯಿತೇ? ಸಾಲವನ್ನೂ ಎತ್ತದೆ ಅವಳನ್ನು ಮನೆಯಲ್ಲಿ ಕೂರಿಸಿದರೆ ಅವಳ ಹಕ್ಕಿಗೆ ಉತ್ತರ ಹೇಳುವವರು ಯಾರು? ತಂಗಿ ನರ್ಸ್ ಆಗಿಯೋ ಫಾರ್ಮಸಿಸ್ಟ್ ಆಗಿಯೋ ದುಡಿಯತೊಡಗಿದ ಮೇಲೆ ಉಳಿದ ಸಾಲಕ್ಕೆ ಒಂದರ ಬದಲು ಎರಡು ಸಂಬಳ ಇರುತ್ತದೆ. ತಂಗಿ ಇಲ್ಲದ ಮನೆಯಲ್ಲಿ, ಅಥವಾ ಅವಳ ಶುಲ್ಕಕ್ಕೆ ಬೇರೆ ವ್ಯವಸ್ಥೆಯಾಗಿರುವ ಮನೆಯಲ್ಲಿ, ಹಣ ಬ್ಯಾಂಕಿಗೇ ಹೋಗಲಿ. ಅಲ್ಲಿ ತಡಮಾಡಲು ಕಾರಣವಿಲ್ಲ.

ಅಲ್ಲಿಯೂ ಮೂರು ನಾಲ್ಕು ತಿಂಗಳ ಖರ್ಚಿಗೆ ಸಾಕಾಗುವಷ್ಟು ಹಣ ಕೈಯಲ್ಲಿಟ್ಟುಕೊಂಡೇ ಮುಂಗಡ ಕಟ್ಟಬೇಕು. ಬೆಂಗಳೂರಿನ ಕೆಲಸ ಇಂದು ಇರುತ್ತದೆ, ನಾಳೆ ಇ-ಮೇಲ್ ಒಂದರಲ್ಲಿ ಹೋಗುತ್ತದೆ. ಕಟ್ಟಿದ ಹಣವನ್ನು ಬ್ಯಾಂಕ್ ವಾಪಸು ಕೊಡುವುದಿಲ್ಲ, ಮುಂದಿನ ಕಂತನ್ನು ಕೇಳದೆಯೂ ಬಿಡುವುದಿಲ್ಲ. ಕಂತು ತಪ್ಪಿದರೆ ಮಗನ ಹೆಸರಿನ ಜೊತೆಗೆ ಸಹ-ಸಾಲಗಾರನಾಗಿ ಸಹಿ ಹಾಕಿದ ತಂದೆಯ ಹೆಸರೂ ಸಿಬಿಲ್ ದಾಖಲೆಯಲ್ಲಿ ಕೆಡುತ್ತದೆ; ಅಂಗಡಿಗೆಂದು ಮುಂದೆ ಸಾಲ ಕೇಳಿದಾಗ ಅವರಿಗೆ ಅದು ಗೊತ್ತಾಗುತ್ತದೆ.

‘ಅರಿವು’ ಸಾಲದ ವಿಷಯ ಬೇರೆ. ಶೇ. 2ರ ಸೇವಾ ಶುಲ್ಕದ ಸಾಲವನ್ನು ಬೇಗ ತೀರಿಸಿದರೆ ಹಣದ ಲಾಭ ಬಹಳ ಕಡಿಮೆ. ಲೆಕ್ಕ ಮಾತ್ರ ನೋಡುವವನು ಅದನ್ನು ಕೊನೆಗೆ ಇಡುತ್ತಾನೆ. ನಮ್ಮಲ್ಲಿ ಅನೇಕರು ಕೊನೆಗೂ ಇಡುವುದಿಲ್ಲ, ಮರೆತೇ ಬಿಡುತ್ತಾರೆ. ಸರಕಾರದ ಹಣ, ಚುನಾವಣೆ ಬಂದರೆ ಮನ್ನಾ ಆಗುತ್ತದೆ ಎಂಬ ನಂಬಿಕೆ. 2013ರ ಮೇ ತಿಂಗಳಲ್ಲಿ ಸಿದ್ದರಾಮಯ್ಯನವರು ಮುಖ್ಯಮಂತ್ರಿಯಾದೊಡನೆ ವಿವಿಧ ನಿಗಮಗಳ ಸಾಲಮನ್ನಾ ಘೋಷಿಸಿದ ನೆನಪು ಆ ನಂಬಿಕೆಗೆ ನೀರೆರೆದಿದೆ. ಬೆಳೆ ಕಳೆದುಕೊಂಡ ಬಡವನಿಗೆ, ಸಣ್ಣ ವ್ಯಾಪಾರದಲ್ಲಿ ಸೋತವನಿಗೆ ಮನ್ನಾ ನ್ಯಾಯವೇ. ಕೆಲಸ ಸಿಕ್ಕಿ, ಸಂಬಳ ಬಂದು, ಕಂತಿನಲ್ಲಿ ಬೈಕು ಕೊಂಡವನು ಮನ್ನಾಕ್ಕಾಗಿ ಕಾಯುವುದು ನ್ಯಾಯವೇ? 1986ರಲ್ಲಿ ಸ್ಥಾಪನೆಯಾದ ಆ ನಿಗಮದ ಹಣ ತಿರುಗಿ ಬಂದಷ್ಟೂ ಮತ್ತೊಬ್ಬರಿಗೆ ಸಿಗಲು ದಾರಿಯಾಗುತ್ತದೆ. ಬಾರದಿದ್ದರೆ ಬಜೆಟ್ಟಿನಲ್ಲಿ ಕೊಟ್ಟಷ್ಟಕ್ಕೆ ಕೈಚಾಚಿ ಕೂರಬೇಕು. ಅರ್ಜಿ ಹಾಕಿ ಕಾಯುತ್ತಿರುವ ಮತ್ತೊಂದು ಮಗು ಅದೇ ಬಿಳಿಚೋಡಿನ ಪಕ್ಕದ ಓಣಿಯದ್ದಾಗಿರಬಹುದು. ಸಾಮರ್ಥ್ಯವಿದ್ದೂ ಸಾಲ ತೀರಿಸಲು ಸತಾಯಿಸುವುದನ್ನು ಪ್ರವಾದಿ(ಸ) ಅನ್ಯಾಯವೆಂದು ಎಣಿಸಿದ್ದಾರೆ. ಆ ಮಾತಿನಲ್ಲಿ ಖಾಸಗಿ ಸಾಲ, ಸರಕಾರಿ ಸಾಲ ಎಂಬ ಭೇದವಿಲ್ಲ. ಬಾಕಿ ಉಳಿಸಿ ಸತ್ತ ವ್ಯಕ್ತಿಯ ಜನಾಝಾ ನಮಾಝನ್ನು, ಅವನ ಸಾಲದ ಹೊಣೆಯನ್ನು ಸಂಗಾತಿಯೊಬ್ಬರು ವಹಿಸಿಕೊಂಡ ಬಳಿಕವೇ ಪ್ರವಾದಿ(ಸ) ನೆರವೇರಿಸಿದ ಘಟನೆಯನ್ನು ಖುತ್ಬಾಗಳಲ್ಲಿ ಕೇಳುತ್ತೇವೆ. ನಿಗಮದ ನೋಟೀಸು ಬಂದಾಗ ಮಾತ್ರ ಅದನ್ನು ಮರೆಯುತ್ತೇವೆ. ಬ್ಯಾಂಕಿನ ಸಾಲವನ್ನು ಮುಂಗಡವಾಗಿ ಇಳಿಸುತ್ತಿರುವಾಗಲೂ ಇದರ ಕಂತು ಒಂದು ತಿಂಗಳೂ ತಪ್ಪಬಾರದು.

ಈ ಹೊರೆಯನ್ನೆಲ್ಲ ಮನೆಯೊಂದರ ತಲೆಯ ಮೇಲೆ ಹೊರಿಸಿ ಜಮಾಅತ್‌ಗಳು ಸುಮ್ಮನಿರುವಂತಿಲ್ಲ. ಝಕಾತ್ ಪಡೆಯಲು ಅರ್ಹವಾದ ಎಂಟು ವರ್ಗಗಳಲ್ಲಿ ಸಾಲದಲ್ಲಿ ಸಿಲುಕಿದವರದೂ ಒಂದು. ರಮಝಾನಿನಲ್ಲಿ ನಾವು ಹಂಚುವ ಝಕಾತ್‌ನಲ್ಲಿ ಸೀರೆಗೆ, ಅಕ್ಕಿಗೆ ಪಾಲಿರುತ್ತದೆ. ಓದು ಮುಗಿದರೂ ಕೆಲಸ ಸಿಗದೆ, ಬ್ಯಾಂಕಿನ ನೋಟೀಸು ಹಿಡಿದು ಕುಳಿತ ಹುಡುಗಿಗೆ ಪಾಲಿರುವುದು ಎಷ್ಟು ಊರುಗಳಲ್ಲಿ? ದುಡಿಮೆ ಇರುವವನಿಗೆ ಝಕಾತ್ ಬೇಕಾಗಿಲ್ಲ, ಅವನಿಗೆ ಬೇಕಾದದ್ದು ಕರ್ಝೆ ಹಸನಾ. ಊರಿನ ಬೈತುಲ್‌ಮಾಲ್ ಅವನ 3 ಲಕ್ಷದ ಬಾಕಿಯನ್ನು ಬ್ಯಾಂಕಿಗೆ ಒಮ್ಮೆಲೇ ಕಟ್ಟಲಿ, ಅವನು ಬ್ಯಾಂಕಿಗೆ ಕಟ್ಟುತ್ತಿದ್ದ ಅದೇ ಕಂತನ್ನು ಬೈತುಲ್‌ಮಾಲ್‌ಗೆ ಕಟ್ಟಲಿ. ತಿಂಗಳಿಗೆ 7 ಸಾವಿರದಂತೆ 43 ತಿಂಗಳಲ್ಲಿ ಅಸಲು ಪೂರ್ತಿ ವಾಪಸಾಗುತ್ತದೆ, ಬಡ್ಡಿ ಒಂದು ರೂಪಾಯಿಯೂ ಇಲ್ಲ. ಅದೇ ಹಣ ಇನ್ನೊಬ್ಬನಿಗೆ ಹೋಗುತ್ತದೆ. ಇದಕ್ಕೆ ಕೋಟಿ ಬೇಕಾಗಿಲ್ಲ. ದಾವಣಗೆರೆಯಂಥ ನಗರದಲ್ಲಿ ಒಂದು ಅದ್ದೂರಿ ಮದುವೆಗೆ ಸುರಿಯುವ ಹಣದಲ್ಲಿ ಎರಡು ಮೂರು ಇಂಥ ಸಾಲಗಳು ತೀರುತ್ತವೆ. ಬೇಕಾದದ್ದು ಬರಹದ ಕರಾರು, ಇಬ್ಬರ ಜಾಮೀನು, ವರ್ಷಕ್ಕೊಮ್ಮೆ ಎಲ್ಲರೆದುರು ಲೆಕ್ಕ, ಮತ್ತು ಪಡೆದವನ ಹೆಸರನ್ನು ಮೈಕಿನಲ್ಲಿ ಹೇಳದಿರುವ ಸೌಜನ್ಯ. ನಮ್ಮ ಕೆಲವು ಸಹಕಾರಿ ಸಂಸ್ಥೆಗಳು ಲೆಕ್ಕವಿಲ್ಲದೆ ಮುಳುಗಿದ ಕಹಿ ನೆನಪು ಸಮುದಾಯಕ್ಕಿದೆ. ಆದುದರಿಂದ ಲೆಕ್ಕದ ವಿಷಯದಲ್ಲಿ ದಾಕ್ಷಿಣ್ಯ ಬೇಡ.

ಕೊನೆಯದಾಗಿ, ಸಾಲ ಮುಗಿಸುವವರು ಗಮನಿಸಬೇಕಾದ ಒಂದೆರಡು ಸಂಗತಿಗಳಿವೆ. ‘ಇಷ್ಟು ಕಟ್ಟಿ, ಉಳಿದದ್ದನ್ನು ಬಿಡುತ್ತೇವೆ’ ಎಂಬ ಒಪ್ಪಂದ ಆಕರ್ಷಕವಾಗಿ ಕಾಣುತ್ತದೆ. ಆಗ ದಾಖಲೆಯಲ್ಲಿ ಸಾಲ ‘ಪೂರ್ತಿ ತೀರಿದೆ’ ಎಂದಾಗದೆ ‘ರಾಜಿಯಾಗಿದೆ’ ಎಂದು ಉಳಿಯುತ್ತದೆ, ಮುಂದಿನ ಸಾಲಕ್ಕೆ ಅದು ಅಡ್ಡಿ. ನಿಜವಾಗಿಯೂ ಕಟ್ಟಲಾಗದವನಿಗೆ ಅದು ದಾರಿ. ಕಟ್ಟಬಲ್ಲವನು ಪೂರ್ತಿ ಕಟ್ಟಿಯೇ ಹೊರಬರಲಿ. ಪೂರ್ತಿ ಕಟ್ಟಿದ ದಿನವೇ ಬಾಕಿ ಇಲ್ಲವೆಂಬ ಪತ್ರ ಪಡೆಯಬೇಕು. ಸಾಲಕ್ಕೆ ಮನೆಯ ಅಥವಾ ಜಮೀನಿನ ಪತ್ರ ಕೊಟ್ಟಿದ್ದರೆ 30 ದಿನಗಳೊಳಗೆ ಮೂಲ ದಾಖಲೆಗಳನ್ನು ಹಿಂದಿರುಗಿಸಬೇಕು, ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಪತ್ರಗಳು ಕೈಗೆ ಬಂದ ಮೇಲೆ ಎರಡು ಮೂರು ತಿಂಗಳು ಬಿಟ್ಟು ತಂದೆ-ಮಗ ಇಬ್ಬರ ಸಿಬಿಲ್ ದಾಖಲೆಯನ್ನೂ ತೆಗೆಸಿ ನೋಡಿ, ಸಾಲ ಮುಗಿದಿದೆ ಎಂದು ನಮೂದಾಗಿರುವುದನ್ನು ಖಚಿತಪಡಿಸಿಕೊಳ್ಳಬೇಕು.